85 ದಾಟಿದ್ರ ಸ್ಟೇರಿಂಗ್ ನಡಗತೈತಿ, ಎರಡು ಸಲ ಬ್ಯಾಲೆನ್ಸಿಂಗ್ ಮಾಡ್ಸಿದ್ರೂ ಹೋಗವಲ್ದು

ಕೆಎ37 ಹಾದಿ

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗ್ತೈತಿ, ಆದ್ರ ಎಲ್ಲಾ ಬಿಡಿಸಿ ಹೇಳಿದ್ರನ ನಿಮಗೂ ತಿಳಿತೈತಿ ಅಂತ ಬರಿಯಾಕತ್ತೀನಿ.

ನಮ್ದು ಕೊಪ್ಪಳ. ಗಾಡಿ 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡು ಒಂದೂವರಿ ವರ್ಷ ಆತು, ಈಗ 74 ಸಾವಿರ ಓಡೇತಿ. ಟೈರ್ 185/65 ಆರ್15, ರಿಮ್ ಸ್ಟೀಲಿಂದು, ಸ್ಟೆಪ್ನಿನೂ ಅದ ಸೈಜ್. ಊರಾಗ ಓಡ್ಸಿದ್ರ ಏನಂದ್ರ ಏನೂ ಗೊತ್ತಾಗಂಗಿಲ್ಲ. ಹೈವೇ ಹತ್ತಿ 80 ಮುಟ್ಟೋತನಕನೂ ಆರಾಮ. 85ಕ್ಕ ಸ್ಟೇರಿಂಗ್ ಸಣ್ಣಗ ನಡಗಾಕ ಚಾಲೂ ಆಗ್ತೈತಿ, 90-95ಕ್ಕ ಕೈಯಾಗ ಜುಮ್ ಜುಮ್ ಅಂತ ಬಡಿತೈತಿ, ಗಟ್ಟಿ ಹಿಡಕೊಂಡ್ರ ಮೊಣಕೈತನಕ ಬರ್ತೈತಿ, 100 ದಾಟಿದ್ರ ಮತ್ತ ಸ್ವಲ್ಪ ಕಡಿಮಿ ಅನ್ಸತೈತಿ. ಎಡಕ್ಕ ಬಲಕ್ಕ ಎಳಿಯೋದು ಇಲ್ಲ, ಕೈ ಸಡಲ ಬಿಟ್ರೂ ನೆಟ್ಟಗ ಹೋಗ್ತೈತಿ. ಇನ್ನೊಂದು, ಒಂದೊಂದು ದಿನ ಭಾಳ ಇರ್ತೈತಿ, ಒಂದೊಂದು ದಿನ ಅಷ್ಟು ಇರಂಗಿಲ್ಲ, ಅದ್ಯಾಕಂತ ನನಗ ತಿಳಿವಲ್ದು.

ಮಾಡ್ಸಿದ್ದು ಇಷ್ಟು. ಮೊದ್ಲು ಇಲ್ಲೇ ನಾಕೂ ವೀಲ್ ಬ್ಯಾಲೆನ್ಸಿಂಗ್ (ವೀಲಿನ ತೂಕ ಸುತ್ತಲೂ ಸಮ ಮಾಡೋದು) ಮತ್ತ ಅಲೈನ್‌ಮೆಂಟ್ ಮಾಡ್ಸಿದೆ, ಎರಡು ದಿನ ಚಲೋ ಇತ್ತು, ಮತ್ತ ಅದ ಕಥಿ. ಹೊಸಪೇಟಿಗೆ ಹೋದಾಗ ಇನ್ನೊಂದು ಕಡೆ ಬ್ಯಾಲೆನ್ಸಿಂಗ್ ಮಾಡ್ಸಿದೆ, ಮಷಿನ್ ಮ್ಯಾಲ ಸೊನ್ನಿ ಸೊನ್ನಿ ತೋರ್ಸಿದ್ರು, ನಾನೂ ಕಣ್ಣಾರೆ ನೋಡೇನಿ, ವಾಪಸ್ ಬರೂವಾಗ ಹಿಟ್ನಾಳ ಟೋಲ್ ದಾಟೂದ್ರಾಗ ಮತ್ತ ಚಾಲೂ. ಮೂರನೇ ಕಡೆ ಒಂದು ವರ್ಕ್‌ಶಾಪಿಗೆ ಒಯ್ದೆ, ಅವ್ರು ಒಂದು ರೌಂಡ್ ಓಡ್ಸಿಕೊಂಡು ಬಂದು ಸ್ಟೇರಿಂಗ್ ರ್‍ಯಾಕ್ (ಸ್ಟೇರಿಂಗ್ ತಿರುವಿದ್ದನ್ನ ವೀಲಿಗೆ ಮುಟ್ಟಸೋ ಸಾಮಾನು) ಹೋಗೈತಿ, ಮುಂದಿನ ಎರಡೂ ಶಾಕಪ್ ಹೋಗ್ಯಾವು, ಎಲ್ಲಾ ಸೇರಿ 22 ಸಾವಿರ ಅಂದ್ರು. ಗಾಡಿ ಎತ್ತಿ ಕೆಳಗ ಬಗ್ಗಿ ನೋಡಿದ್ದಂತೂ ನಾನು ಕಾಣಲಿಲ್ಲ.

ನನ್ನ ಚಿಂತಿ ಏನಂದ್ರ, ನಮ್ಮಪ್ಪನ್ನ ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ದವಾಖಾನಿಗೆ ಕರಕೊಂಡು ಹೋಗಬೇಕು. ಹೋಗಿ ಬರಾಕ ಇನ್ನೂರು ಕಿಮೀ ಮ್ಯಾಲ. ಅಪ್ಪ ಬಾಜೂಕ ಕುಂತು "ಇದ್ಯಾಕ ಹಿಂಗ ನಡಗತೈತೋ" ಅಂತ ಕೇಳಿದಾಗ ನನಗ ಜೀವ ಹೊಡ್ಕೊಂತೈತಿ. 22 ಸಾವಿರ ಹಾಕಿದ ಮ್ಯಾಲೂ ಹೋಗದಿದ್ರ ಏನ್ ಮಾಡ್ಲಿ. ಯಾರಿಗರ ಹಿಂಗ ಆಗಿದ್ರ ದಯವಿಟ್ಟು ಹೇಳ್ರಿ, ಎಲ್ಲಿಂದ ಹುಡುಕೋದು ಚಾಲೂ ಮಾಡ್ಲಿ?

ಬಳ್ಳಾರಿ ಕೆಂಪು ಧೂಳು

ಬ್ರೋ ನನಗೆ ಸೇಮ್ ಆಗಿತ್ತು. ಸಂಡೂರಿಂದ ಇಳಿದು ಬರ್ತಾ ಸ್ಟೇರಿಂಗ್ ಎಷ್ಟು ಅಲ್ಲಾಡೋದು ಅಂದ್ರೆ ಹೆಂಡ್ತಿ ಗಾಡಿ ನಿಲ್ಸು ನಿಲ್ಸು ಅಂತ ಹೆದರಿಬಿಟ್ಲು. ನಂದು ಮುಂದಿನ ಬ್ರೇಕ್ ಡಿಸ್ಕ್ ಪ್ರಾಬ್ಲಮ್ ಇತ್ತು. ಎರಡೂ ಡಿಸ್ಕ್ ಮತ್ತೆ ಪ್ಯಾಡ್ ಚೇಂಜ್ ಮಾಡ್ಸಿದ್ಮೇಲೆ ಕ್ಲಿಯರ್. ನೀವೂ ಡಿಸ್ಕ್ ನೋಡ್ಸಿ ಮೊದ್ಲು. ರ್‍ಯಾಕ್ ಗೀಕ್ ಅಂತ ಅಷ್ಟು ದುಡ್ಡು ಹಾಕ್ಬೇಡಿ.

ಗಂಗಾವತಿ ಟೈರ್ ಅಂಗಡಿ

ಕೊಪ್ಪಳದವ್ರ, ಮೊದ್ಲು ಒಂದು ಮಾತು, ಆ 22 ಸಾವಿರ ಸದ್ಯಕ್ಕ ಜೇಬಿನ್ಯಾಗ ಇಟಗೊಳ್ರಿ. ನಾನು ಹದಿನೆಂಟು ವರ್ಷದಿಂದ ಟೈರ್ ಕೆಲಸ ಮಾಡಾಕತ್ತೀನಿ, ಮಂದಿ ಮೂರು ಕಡೆ ದುಡ್ಡು ಕೊಟ್ಟು ನಾಕನೇದಕ್ಕ ನಮ್ಮ ಅಂಗಡಿಗೆ ಬಂದು ನಿಂದ್ರೋದು ದಿನಾ ನೋಡ್ತೀನಿ, ಹೊಟ್ಟಿ ಉರಿತೈತಿ. ನಡುಕ ಯಾವಾಗ ಬರ್ತೈತಿ, ಎಲ್ಲಿ ಬರ್ತೈತಿ ಅನ್ನೋದ ಅರ್ಧ ಉತ್ತರ ಹೇಳ್ತೈತಿ, ಅದನ್ನ ಕೇಳದ ಸ್ಪ್ಯಾನರ್ ಹಿಡಿಬಾರ್ದು.

ಬಳ್ಳಾರಿ ಅಣ್ಣಾವ್ರು ಹೇಳಿದ ಡಿಸ್ಕ್ ವಿಚಾರ ಸುಳ್ಳಲ್ಲ. ಆದ್ರ ಡಿಸ್ಕ್ ಆಗಿದ್ರ ಬ್ರೇಕ್ ಒತ್ತಿದಾಗ ಮಾತ್ರ ನಡಗತೈತಿ, ಕಾಲಿಗೂ ಪೆಡಲ್ ಟಕ್ ಟಕ್ ಬಡಿತೈತಿ. ಡಿಸ್ಕ್ ದಪ್ಪ ಸುತ್ತಲೂ ಒಂದ ಸಮ ಇರಂಗಿಲ್ಲ, ಕೂದಲಷ್ಟು ಹೆಚ್ಚು ಕಡಿಮಿ ಆಗಿದ್ರೂ ಪ್ಯಾಡ್ ಒಂದು ಜಾಗದಾಗ ಗಟ್ಟಿ ಹಿಡಿತೈತಿ ಒಂದು ಜಾಗದಾಗ ಸಡಲ. ಸಂಡೂರು ಘಾಟ್ ಇಳಿಯೂವಾಗ ಅಂದ್ರಲ್ಲ, ಇಳಿಯೂವಾಗ ಬ್ರೇಕ್ ಮ್ಯಾಲ ಕಾಲು ಇದ್ದ ಇರ್ತೈತಿ, ಅದಕ್ಕ ಅವ್ರದು ಡಿಸ್ಕ್. ಕೊಪ್ಪಳದವ್ರು ಬ್ರೇಕ್ ಮಾತ ಎತ್ತಿಲ್ಲ. ಬರೇ ಸ್ಪೀಡಿಗೆ ಬರ್ತೈತಿ ಅಂದ್ರ ಅದು ತಿರುಗೋ ಸಾಮಾನಿಂದು. ಟೈರು, ರಿಮ್ಮು, ಹಬ್ಬು (ವೀಲ್ ಕುಂದ್ರೋ ನಡುವಿನ ಭಾಗ), ಆಮ್ಯಾಲ ಡ್ರೈವ್ ಶಾಫ್ಟು (ವೀಲ್ ತಿರುಗಸೋ ರಾಡು). ರ್‍ಯಾಕ್ ತಿರುಗಂಗಿಲ್ಲ ನೋಡ್ರಿ, ರ್‍ಯಾಕ್ ಹೋದ್ರ ಸ್ಟೇರಿಂಗ್‌ನ್ಯಾಗ ಆಟ, ಅಂದ್ರ ಸಡಲ ಅಲ್ಲಾಟ, ಬರ್ತೈತಿ, ತಗ್ಗಿನ್ಯಾಗ ಕಟ ಕಟ ಸಪ್ಪಳ ಬರ್ತೈತಿ. ನಡುಕ ಹುಟ್ಟಸಂಗಿಲ್ಲ, ಬ್ಯಾರೆ ಎಲ್ಲೋ ಹುಟ್ಟಿದ್ದನ್ನ ಜಾಸ್ತಿ ಮಾಡಿ ಕೈಗೆ ಮುಟ್ಟಸ್ಬಹುದು ಅಷ್ಟ. ಅಲೈನ್‌ಮೆಂಟಿಂದನೂ ಹಂಗ, ಅದು ಕೆಟ್ರ ಗಾಡಿ ಒಂದ್ಕಡೆ ಎಳಿತೈತಿ, ಟೈರ್ ಒಂದು ಬಾಜೂ ತಿಂತೈತಿ.

ಇವತ್ತ ಮಾಡಬೇಕಾದ್ದು, ವೀಲ್ ನಟ್ ಬಿಗಿ ಅದಾವೋ ಇಲ್ಲೋ ನೋಡ್ರಿ. ಇದು ಮೊದ್ಲು, ಉಳಿದಿದ್ದೆಲ್ಲಾ ಆಮ್ಯಾಲ. ನಟ್ ಸಡಲ ಆಗಿ ನಡಗಾಕತ್ತಿದ್ರ ಅದು ವೀಲ್ ಕಳಚೋ ಮುಂಚಿನ ನಡುಕ. ಆಮ್ಯಾಲ ಮುಂದಿನ ಎರಡೂ ಟೈರ್ ಮ್ಯಾಲ ಅಂಗೈ ಆಡ್ಸಿ ಸುತ್ತಲೂ ನೋಡ್ರಿ, ಬಾಜೂಕ ಗುಳ್ಳಿ ಎದ್ದೈತೇನು, ಮ್ಯಾಲಿನ ಪಟ್ಟಿ ಎಲ್ಲೆರ ಉಬ್ಬೈತೇನು. ಉಬ್ಬಿದ್ರ ಒಳಗಿನ ಸ್ಟೀಲ್ ಬೆಲ್ಟ್ ಬಿಟ್ಟೈತಿ ಅಂತ ಅರ್ಥ, ಆ ಟೈರ್ ಮ್ಯಾಲ ಅಪ್ಪಾಜಿನ್ನ ಕುಂದ್ರಿಸಿಕೊಂಡು ಒಂದು ಕಿಮೀನೂ ಹೋಗಬ್ಯಾಡ್ರಿ.

ಇನ್ನೊಂದು, ರಿಮ್ಮಿನ ಒಳಗಡೆ ಬಗ್ಗಿ ನೋಡ್ರಿ. ನಮ್ಮ ಕಡೆ ಎರಿ ಮಣ್ಣು, ಮಳಿಗಾಲದಾಗ ಹೊಲದ ದಾರ್‍ಯಾಗ ಹೋಗಿ ಬಂದ್ರ ರಿಮ್ಮಿನ ಒಳ ಮೈಗೆ ಮೆತಿಗೊಂಡು ಬಿಸಿಲಿಗೆ ಇಟ್ಟಿಗಿ ಹಂಗ ಆಗ್ತೈತಿ, ಹೊರಗಿಂದ ನೋಡಿದ್ರ ವೀಲ್ ಸ್ವಚ್ಛ. ಭತ್ತ ನಾಟಿ ಸೀಜನ್‌ನ್ಯಾಗ ಬರೋ ಗಾಡಿ ಪೈಕಿ ಎಷ್ಟೋ ಗಾಡಿಗೆ ನಾನು ಬರೇ ಸ್ಕ್ರೂಡ್ರೈವರಿಂದ ಮಣ್ಣು ಕೆತ್ತಿ ನೀರು ಹೊಡದು ಕಳ್ಸೇನಿ.

ಈಗ ನೀವು ಹೇಳ್ರಿ. ಯಾವಾಗಿಂದ ಚಾಲೂ ಆತು? ಅದಕ್ಕಿಂತ ಮುಂಚೆ ಪಂಕ್ಚರ್ ಏನರ ಆಗಿತ್ತಾ, ತಗ್ಗಿನ್ಯಾಗ ಜೋರಾಗಿ ಬಿತ್ತಾ? ಎರಡು ಸಲ ಬ್ಯಾಲೆನ್ಸಿಂಗ್ ಮಾಡ್ಸಿದ್ರಲ್ಲ, ಯಾವ ವೀಲಿಗೆ ಎಷ್ಟು ಗ್ರಾಂ ಸೀಸ (ತೂಕ ಸಮ ಮಾಡಾಕ ರಿಮ್ಮಿಗೆ ಹಚ್ಚೋ ತುಂಡು) ಹಾಕಿದ್ರು ನೆನಪೈತಾ? ಒಂದೊಂದು ದಿನ ಜಾಸ್ತಿ ಒಂದೊಂದು ದಿನ ಕಡಿಮಿ ಅಂದ್ರಲ್ಲ, ಅದು ನನಗ ಬ್ಯಾರೆ ಏನೋ ಸಂಶೆ ತರಾಕತ್ತೈತಿ.

ತೋರಣಗಲ್ಲು ಮೇಂಟೆನೆನ್ಸ್

ಟೈರ್ ಅಂಗಡಿ ಅಣ್ಣ ಕರೆಕ್ಟಾಗಿ ಹೇಳಿದಾರೆ. ನಾನು ಸ್ಟೀಲ್ ಪ್ಲಾಂಟಲ್ಲಿ ಫ್ಯಾನು ಮೋಟರ್ ವೈಬ್ರೇಶನ್ ನೋಡೋ ಕೆಲಸದಲ್ಲಿರೋನು, ಕಾರಿನ ವೀಲೂ ನಮಗೆ ಒಂದು ರೋಟರೇ (ತಿರುಗೋ ಸಾಮಾನು), ಹಂಗಾಗಿ ಸ್ವಲ್ಪ ಲೆಕ್ಕ ಹೇಳ್ತೀನಿ, ಯಾಕೆ 85ಕ್ಕೇ ಬರ್ತೈತೆ ಅನ್ನೋದು ತಿಳಿದ್ರೆ ಭಯ ಅರ್ಧ ಹೋಗ್ತೈತೆ.

ನಿಮ್ಮ ಟೈರ್ ಒಂದು ಸುತ್ತು ತಿರುಗಿದ್ರೆ ಸುಮಾರು 1.95 ಮೀಟರ್ ಹೋಗ್ತೈತೆ. 90 ಸ್ಪೀಡು ಅಂದ್ರೆ ಸೆಕೆಂಡಿಗೆ 25 ಮೀಟರ್, ಅಂದ್ರೆ ಸೆಕೆಂಡಿಗೆ 13 ಸುತ್ತು ಹತ್ರ ಹತ್ರ. ರಿಮ್ಮಿನ ಅಂಚಲ್ಲಿ 30 ಗ್ರಾಂ ಹೆಚ್ಚು ಕಡಿಮೆ ಇದ್ರೆ ಆ ಸ್ಪೀಡಲ್ಲಿ ಅದು ಮೂರೂವರೆ ಕೆಜಿ ಮೇಲೆ ತೂಕದಷ್ಟು ಜೋರಲ್ಲಿ ಸೆಕೆಂಡಿಗೆ 13 ಸಲ ವೀಲನ್ನ ಹೊರಗಡೆ ಎಳೀತೈತೆ. ಅದೇ 30 ಗ್ರಾಂ 45 ಸ್ಪೀಡಲ್ಲಿ ನಾಲ್ಕನೇ ಒಂದು ಭಾಗ, ಒಂದು ಕೆಜಿನೂ ಇಲ್ಲ, ಯಾಕಂದ್ರೆ ಸ್ಪೀಡ್ ಡಬಲ್ ಆದ್ರೆ ಜೋರು ನಾಲ್ಕು ಪಟ್ಟು. ಊರಲ್ಲಿ ಗೊತ್ತಾಗದೇ ಇರೋದು ಅದಕ್ಕೆ. ಇನ್ನ 100 ದಾಟಿದ್ರೆ ಕಡಿಮೆ ಆಗೋದು ಯಾಕಂದ್ರೆ, ಟೈರು ರಿಮ್ಮು ಹಬ್ಬು ಎಲ್ಲಾ ಸೇರಿ ಸಸ್ಪೆನ್ಶನ್ ಮೇಲೆ ಕುಣಿಯೋಕೆ ಅದಕ್ಕೊಂದು ತನ್ನದೇ ತಾಳ ಐತೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲದ ಆಸುಪಾಸು. ವೀಲ್ ಸುತ್ತೋದು ಆ ತಾಳಕ್ಕೆ ಕೂಡಿದಾಗ ಉಯ್ಯಾಲೆಗೆ ಸರಿಯಾದ ಟೈಮಿಗೆ ತಳ್ಳಿದಂಗೆ ಜಾಸ್ತಿ ಆಗ್ತೈತೆ, ದಾಟಿದ್ರೆ ಇಳೀತೈತೆ. ನೀವು ಹೇಳಿದ 85-100 ಅದೇ ಜಾಗ. ಹಂಗಂತ ಸ್ಪೀಡ್ ಹೆಚ್ಚು ಮಾಡಿ ನಡುಕ ದಾಟಿಸೋದು ಪರಿಹಾರ ಅಲ್ಲ, ಎಳೆತ ಒಳಗಡೆ ಹೆಚ್ಚಾಗ್ತಾನೇ ಇರ್ತೈತೆ, ಬೇರಿಂಗ್ ತಿಂತೈತೆ.

ದುಡ್ಡಿಲ್ಲದ ಒಂದು ಟೆಸ್ಟ್ ಹೇಳ್ತೀನಿ. ಖಾಲಿ ರಸ್ತೆ ನೋಡಿ 90ಕ್ಕೆ ಐದನೇ ಗೇರಲ್ಲಿ ಹೋಗ್ರಿ, ನಡುಕ ಬಂದ್ಮೇಲೆ ಅದೇ 90ಕ್ಕೆ ನಾಲ್ಕನೇ ಗೇರ್ ಹಾಕ್ರಿ. ಇಂಜಿನ್ ಆರ್‌ಪಿಎಮ್ ಏರ್ತೈತೆ, ವೀಲ್ ಸುತ್ತು ಅಷ್ಟೇ ಇರ್ತೈತೆ. ನಡುಕ ಹಂಗೇ ಇದ್ರೆ ಇಂಜಿನ್ನು, ಮೌಂಟಿಂಗು ಎಲ್ಲಾ ಬಿಡ್ರಿ, ವೀಲ್ ಕಡೆದು. ಎರಡನೇದು, ಅದೇ ಸ್ಪೀಡಲ್ಲಿ ಎಕ್ಸಲೇಟರ್ ಒತ್ತಿದಾಗ ಜಾಸ್ತಿ, ಬಿಟ್ಟ ತಕ್ಷಣ ಮಾಯ ಆದ್ರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಮೇಲೆ ಅನುಮಾನ. ಒತ್ತಿದ್ರೂ ಬಿಟ್ರೂ ಒಂದೇ ಥರ ಇದ್ರೆ ಟೈರು ರಿಮ್ಮು. ಈ ಟೆಸ್ಟಿಗೆ ಕೆಲವ್ರು ನ್ಯೂಟ್ರಲ್ ಮಾಡು ಅಂತಾರೆ, ಬೇಡ, ಓಡೋ ಗಾಡಿನ ನ್ಯೂಟ್ರಲ್ ಮಾಡೋ ಅವಶ್ಯಕತೆನೇ ಇಲ್ಲ.

ಮಣ್ಣಿನ ವಿಚಾರ ಓದಿ ನಮ್ಮ ಪ್ಲಾಂಟ್ ನೆನಪಾಯ್ತು. ದೊಡ್ಡ ಫ್ಯಾನ್ ರೆಕ್ಕೆಗೆ ಧೂಳು ಕಟ್ಕೊಂಡು ಕಟ್ಕೊಂಡು, ಒಂದಿನ ಒಂದು ಹೆಂಟೆ ಮಾತ್ರ ಕಳಚಿ ಬೀಳ್ತೈತೆ, ಆಗ ವೈಬ್ರೇಶನ್ ಒಮ್ಮೆಗೇ ಹಾರ್ತೈತೆ. ಬ್ಯಾಲೆನ್ಸ್ ಮಾಡೋಕೆ ಮುಂಚೆ ಕ್ಲೀನ್ ಮಾಡು ಅನ್ನೋದು ನಮ್ಮಲ್ಲಿ ಮೊದಲ ರೂಲು.

ಕೆಎ37 ಹಾದಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ, ಇಷ್ಟು ಮನಸಿಟ್ಟು ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ.

ನಟ್ ನಿನ್ನೆ ಸಂಜಿಕನ ನೋಡಿದೆ, ಎಲ್ಲಾ ಬಿಗಿ ಅದಾವು. ಗುಳ್ಳಿ ಕಾಣಲಿಲ್ಲ. ರಿಮ್ ಒಳಗ ಸ್ವಲ್ಪ ಮಣ್ಣಿತ್ತು, ಕೆತ್ತಿ ತೊಳದೆ, ಏನೂ ಫರಕ್ ಆಗಲಿಲ್ಲ. ಇವತ್ತು ಮುಂಜಾನಿ ಭಾನಾಪುರದ ಕಡೆ ಹೋಗಿ ಗೇರ್ ಟೆಸ್ಟ್ ಮಾಡ್ದೆ. ನಾಕನೇ ಗೇರಿಗೂ ಐದನೇ ಗೇರಿಗೂ ನಡುಕ ಒಂದ. ಎಕ್ಸಲೇಟರ್ ಬಿಟ್ರೂ ಒಂದ. ಬ್ರೇಕ್ ಹಗೂರಕ ಒತ್ತಿದ್ರ ಹೊಸದೇನೂ ಬರಂಗಿಲ್ಲ, ಪೆಡಲ್ ಮೆತ್ತಗ ಐತಿ.

ಯಾವಾಗಿಂದ ಅಂತ ಕೇಳಿದ್ರಿ. ಕುಂತು ನೆನಪು ಮಾಡಿಕೊಂಡೆ. ದೀಪಾವಳಿ ಮುಂದ ಅಕ್ಕನ ಊರಿಗೆ ಹೋಗಿ ಬರೂವಾಗ ಮುಂದಿನ ಎಡಗಡೆ ಟೈರ್ ಪಂಕ್ಚರ್ ಆಗಿತ್ತು, ಬಳ್ಳಾರಿ ಜಾಲಿ ಮುಳ್ಳು, ಒಂದಲ್ಲ ಮೂರು ಚುಚ್ಚಿದ್ವು. ರೋಡ್ ಬಾಜೂಕ ಪಂಕ್ಚರ್ ಹಾಕೋ ಹುಡುಗ ಮೂರಕ್ಕೂ ಹಾಕಿ, ಇನ್ನ ಮ್ಯಾಲ ಮುಳ್ಳು ಚುಚ್ಚಿದ್ರೂ ಗಾಳಿ ಹೋಗಂಗಿಲ್ಲ ಅಂತ ಅದ ಟೈರಿಗೆ ಎಂಥದೋ ಹಸರು ಜೆಲ್ ಹಾಕಿಕೊಟ್ಟ. ಇದಾದ ಒಂದೆರಡು ವಾರಕ್ಕ ರಾತ್ರಿ ಗಿಣಿಗೇರಿ ಹತ್ರ ಲಾರಿ ಹಿಂದಿದ್ದೆ, ತಗ್ಗು ಕಾಣಲಿಲ್ಲ, ಎಡಗಡೆ ಧಡಲ್ ಅಂತ ಬಿತ್ತು. ನಡುಕ ಮೊದ್ಲಿಂದ ಸಣ್ಣಗ ಇತ್ತೋ ಆ ತಗ್ಗಾದ ಮ್ಯಾಲ ಬಂತೋ ಖರೇನ ಹೇಳಾಕ ಆಗವಲ್ದು.

ಸೀಸದ್ದು ನೆನಪೈತಿ, ಮೊದಲ ಅಂಗಡ್ಯಾಗ ಮುಂದಿನ ಎಡಕ್ಕ 45 ಗ್ರಾಂ ಬಿತ್ತು, ಹೊಸಪೇಟಿನ್ಯಾಗ ಅದನ್ನೆಲ್ಲಾ ಕಿತ್ತು ಅದ ವೀಲಿಗೆ 70 ಹಾಕಿದ್ರು, ಬ್ಯಾರೆ ಜಾಗದಾಗ. ಉಳಿದ ಮೂರಕ್ಕ 10, 15 ಅಷ್ಟ.

ಗಂಗಾವತಿ ಟೈರ್ ಅಂಗಡಿ

ಜೆಲ್! ಅದ ನೋಡ್ರಿ ನನ್ನ ಸಂಶೆ.

ಅದ ವೀಲು, ಒಂದ್ಸಲ 45, ಇನ್ನೊಂದ್ಸಲ 70, ಅದೂ ಬ್ಯಾರೆ ಜಾಗದಾಗ ಅಂದ್ರ ಒಳಗ ಏನೋ ಹರದಾಡಾಕತ್ತೈತಿ. ತೂಕ ಒಂದ ಕಡೆ ಕುಂತಿದ್ರ ಯಾವ ಮಷಿನ್‌ಗೆ ಹಾಕಿದ್ರೂ ಅಂದಾಜು ಅದ ಜಾಗ ತೋರಸ್ತೈತಿ. ಜೆಲ್ ಗಾಡಿ ನಿಂತಾಗ ಟೈರಿನ ತಳಕ್ಕ ಇಳದು ಕುಂದ್ರತೈತಿ, ಓಡೂವಾಗ ಹರಡಬೇಕು, ಆದ್ರ ನಮ್ಮ ಬಿಸಿಲಿಗೆ ರಸ್ತೆ ಮ್ಯಾಲ ಟೈರ್ ಕಾದು ಕಾದು ಅದರಾಗಿನ ನೀರಿನ ಅಂಶ ಹೋಗಿ ಗಟ್ಟಿ ಅಂಬಲಿ ಹಂಗ ಆಗ್ತೈತಿ, ಆಮ್ಯಾಲ ಪೂರಾ ಹರಡಂಗಿಲ್ಲ. ಹೆಂಗ ಕುಂತೈತಿ ಅನ್ನೋದರ ಮ್ಯಾಲ ಒಂದಿನ ಜಾಸ್ತಿ ಒಂದಿನ ಕಡಿಮಿ. ಇಂಥಾ ಟೈರನ್ನ ಬ್ಯಾಲೆನ್ಸ್ ಮಾಡೋದು ಅಂದ್ರ ಬಿಂದಿಗ್ಯಾಗ ಅರ್ಧ ನೀರು ಹಾಕಿ ತಲಿ ಮ್ಯಾಲ ಇಟ್ಟು ಅಲ್ಲಾಡಬ್ಯಾಡ ಅಂದಂಗ. ಮಷಿನ್ ಆ ಗಳಿಗ್ಯಾಗ ಸೊನ್ನಿ ತೋರ್ಸಿದ್ದು ಸುಳ್ಳಲ್ಲ, ಇಳಿಸಿದ ಮ್ಯಾಲ ಒಳಗಿಂದು ಜಾಗ ಬದಲಾಯಿಸ್ತು.

ಪಂಕ್ಚರ್ ಹುಡುಗಗ ಬೈಬ್ಯಾಡ್ರಿ, ಅಂವ ಒಳ್ಳೇದಕ್ಕಂತನ ಹಾಕಿದ್ದ. ಜಾಲಿ ಮುಳ್ಳಿನ ಊರಿನ್ಯಾಗ ಟ್ರ್ಯಾಕ್ಟರಿಗೆ, ಬೈಕಿಗೆ ಜೆಲ್ ಉಪಯೋಗನ. ಹೈವೇದಾಗ ಓಡೋ ಕಾರಿನ ಮುಂದಿನ ಟೈರಿಗೆ ಹಾಕಿದ್ರ ಹಿಂಗ ಆಗ್ತೈತಿ.

ಮಾಡೋದು ಹಿಂಗ. ಮೊದ್ಲು ಮುಂದಿನ ಎರಡೂ ವೀಲ್ ಹಿಂದಕ್ಕ, ಹಿಂದಿನವು ಮುಂದಕ್ಕ ಹಾಕಿ ಓಡ್ಸಿ ನೋಡ್ರಿ. ಸ್ಟೇರಿಂಗ್ ಸುಮ್ನಾಗಿ ನಡುಕ ಸೀಟಿಗೆ ಕುಂಡಿ ಕೆಳಗ ಬಂದ್ರ ವೀಲಿಂದ ಅಂತ ಖಾತ್ರಿ, ರ್‍ಯಾಕು ಶಾಕಪ್ಪು ಎಲ್ಲಾ ಬಚಾವ್. ಆಮ್ಯಾಲ ಎಡಗಡೆ ಟೈರ್ ರಿಮ್ಮಿಂದ ಬಿಚ್ಚಿಸಿ ಒಳಗ ಇದ್ದದ್ದೆಲ್ಲಾ ತಗಸಿ ನೀರಿಂದ ತೊಳಿಸಿ ಒರಸಿ. ಬಿಚ್ಚಿದಾಗ ಒಳಗಿನ ಮೈ ನೋಡ್ರಿ, ತಗ್ಗಿಗೆ ಬಿದ್ದದ್ದಕ್ಕ ದಾರ ಹರದೈತೇನು ಅಂತ. ರಿಮ್ ಒಳಗಿನ ತುಟಿ, ಅಂದ್ರ ಅಂಚು, ಬಗ್ಗೈತೇನೂ ನೋಡ್ರಿ, ಒಳಗಡೆ ತುಟಿ ಬಗ್ಗಿದ್ದು ಹೊರಗಿಂದ ಕಾಣಂಗಿಲ್ಲ. ಮಷಿನ್ ಮ್ಯಾಲ ಹಾಕಿ ತಿರುಗ್ಸೂವಾಗ ರಿಮ್ಮಿನ ಅಂಚಿಗೆ ಒಂದು ಸ್ಕ್ರೂಡ್ರೈವರ್ ತುದಿ ಮುಟ್ಟೀ ಮುಟ್ಟದಂಗ ಹಿಡಿಯಾಕ ಹೇಳ್ರಿ, ಸಂದಿ ಒಂದ ಸಮ ಇರಬೇಕು. ಎರಡು ಮೂರು ಮಿಮೀ ಮ್ಯಾಲ ಕೆಳಗ ಆಡಿದ್ರ ಆ ರಿಮ್ ಮುಂದಕ್ಕ ಬ್ಯಾಡ. ನೆನಪಿಡ್ರಿ, ಬ್ಯಾಲೆನ್ಸಿಂಗ್ ಮಷಿನ್ ತೂಕ ನೋಡ್ತೈತಿ, ಗುಂಡಗ ಐತೋ ಇಲ್ಲೋ ನೋಡಂಗಿಲ್ಲ. ಮೊಟ್ಟಿ ಆಕಾರದ ವೀಲಿಗೂ ಸೀಸ ಹಚ್ಚಿ ಸೊನ್ನಿ ಮಾಡಬಹುದು, ರಸ್ತೆ ಮ್ಯಾಲ ಅದು ಕುಪ್ಪಳಿಸಿಕೊಂತನ ಹೋಗ್ತೈತಿ.

ಕಡೀಕ ಒಂದು. ಸೊನ್ನಿ ಬಂದ ಮ್ಯಾಲ ವೀಲನ್ನ ಮಷಿನ್ ಶಾಫ್ಟ್ ಮ್ಯಾಲ ಸಡಲ ಮಾಡಿ ಅರ್ಧ ಸುತ್ತು ತಿರುವಿ ಮತ್ತ ಬಿಗಿ ಮಾಡಿ ಇನ್ನೊಂದ್ಸಲ ಓಡ್ಸಾಕ ಹೇಳ್ರಿ. ಸೊನ್ನಿ ಹತ್ರನ ಇದ್ರ ಸರಿ. ಒಮ್ಮೆಗೆ 15-20 ತೋರಿಸಿದ್ರ ವೀಲ್ ಮಷಿನ್ನಿನ ಕೋನ್ (ವೀಲನ್ನ ನಡುವ ಹಿಡಿಯೋ ಸಾಮಾನು) ಮ್ಯಾಲ ನಡು ಕುಂತಿಲ್ಲ, ಮೊದಲಿನ ಸೊನ್ನಿ ಲೆಕ್ಕಕ್ಕಿಲ್ಲ. ಯಾವ ಅಂಗಡಿಯವರೂ ಇದಕ್ಕ ಬ್ಯಾಸರ ಮಾಡಿಕೊಳ್ಳಬಾರ್ದು, ಎರಡು ನಿಮಿಷದ ಕೆಲಸ.

ರಾಯಚೂರು 36

ಭಾಳ ಛಲೋ ಚರ್ಚೆ ನಡದದ. ನಂದೂ ಎರಡು ಮಾತು ಸೇರಿಸ್ತೀನಿ, ಯಾಕಂದ್ರ ನಾ ದಿನಾ ರಾಯಚೂರು ಲಿಂಗಸುಗೂರು ಓಡಾಡಾವ.

ಟೈರಿನ ವಯಸ್ಸು ನೋಡ್ರಿ. ಬಾಜೂಕ ಡಾಟ್ ನಂಬರ್ ಕೊನೀಗೆ ನಾಕು ಅಂಕಿ ಇರ್ತಾವ, 2318 ಅಂತಿದ್ರ 2018ರ 23ನೇ ವಾರದಾಗ ತಯಾರಾಗ್ಯದ ಅಂತ. ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರಿ, ಮುಂದಿನ ಎರಡು ಟೈರ್ ಗಾಡಿ ಜೊತಿ ಬಂದವೇ ಇದ್ರ, ಮ್ಯಾಲಿನ ಹಲ್ಲು ಚಂದ ಕಂಡ್ರೂ ಒಳಗ ರಬ್ಬರ್ ಬಿರುಸಾಗಿರ್ತದ. ನಮ್ಮ ರಾಯಚೂರು ಬಿಸಿಲು ನಿಮಗ ಗೊತ್ತದ, ಏಪ್ರಿಲ್ ಮೇದಾಗ ಡಾಂಬರ್ ಮ್ಯಾಲ ಕಾಲಿಡಾಕ ಆಗಲ್ಲ. ಹಲ್ಲು 1.6 ಮಿಮೀಗೆ ಬಂದಿದ್ರ, ಅಂದ್ರ ಗೀರಿನ ನಡುವ ಇರೋ ಆ ಸಣ್ಣ ದಿಬ್ಬದ ಸಮಕ್ಕ ಸವದಿದ್ರ, ಎಷ್ಟ ತೊಳದು ಬ್ಯಾಲೆನ್ಸ್ ಮಾಡಿದ್ರೂ ಮೊದಲು ಟೈರ್ ಬದಲಿ ಮಾಡ್ರಿ.

ಎರಡನೇದು, ಗಾಡಿ ಜಾಕ್ ಮ್ಯಾಲ ಎತ್ತಿದಾಗ, ಬರೇ ಜಾಕ್ ನಂಬಬ್ಯಾಡ್ರಿ ಕೆಳಗ ಸ್ಟ್ಯಾಂಡ್ ಇಡ್ರಿ, ವೀಲನ್ನ ಗಡಿಯಾರದ 9 ಮತ್ತ 3ರ ಜಾಗದಾಗ ಹಿಡದು ಅಲ್ಲಾಡಸ್ರಿ. ಆಟ ಬಂದ್ರ ಟೈ ರಾಡ್ ಎಂಡ್ (ಸ್ಟೇರಿಂಗ್ ರಾಡ್ ವೀಲಿಗೆ ಕೂಡೋ ಜಾಯಿಂಟ್). 12 ಮತ್ತ 6ರ ಜಾಗದಾಗ ಆಟ ಬಂದ್ರ ಬೇರಿಂಗ್ ಇಲ್ಲಾಂದ್ರ ಬಾಲ್ ಜಾಯಿಂಟ್. ಬೇರಿಂಗ್ ಹೋಗಿದ್ರ ಗೂಂ ಅಂತ ಸದ್ದೂ ಬರ್ತದ, ಒಂದು ಕಡೆ ತಿರುವಿದ್ರ ಜಾಸ್ತಿ ಇನ್ನೊಂದು ಕಡೆ ತಿರುವಿದ್ರ ಕಡಿಮಿ. ಇದನ್ನ ಯಾಕ ಹೇಳ್ತೀನಂದ್ರ, ನಂದು ಒಂದ್ಸಲ ಟೈರಿಂದ ಅಂತ ಸಾಬೀತಾದ ಮ್ಯಾಲ ಉಳಿದದ್ದು ನೋಡೋದ ಬಿಟ್ಟೆ, ಟೈ ರಾಡ್ ಎಂಡ್ ಸಡಲ ಇತ್ತು, ಆರು ತಿಂಗಳು ಹೊಸ ಟೈರ್ ಒಂದು ಬಾಜೂ ತಿಂದು ಹೋಯ್ತು. ಒಂದ ತಪ್ಪು ಸಿಕ್ಕಿತು ಅಂತ ಇನ್ನೊಂದು ಇಲ್ಲ ಅಂತಲ್ಲ.

ಬಳ್ಳಾರಿ ಕೆಂಪು ಧೂಳು

ನನ್ನ ಡಿಸ್ಕ್ ಅಂದಾಜು ತಪ್ಪಾಯ್ತು ಅನ್ಸುತ್ತೆ, ಆದ್ರೆ ಬ್ರೇಕ್ ಒತ್ತಿದಾಗ ಮಾತ್ರ ಅನ್ನೋ ವ್ಯತ್ಯಾಸ ನನಗೂ ಈಗ ಗೊತ್ತಾಯ್ತು. ನಮ್ಮ ಮಾವನ ಗಾಡಿಗೂ ಜೆಲ್ ಹಾಕ್ಸಿದಾರೆ, ನಾಲ್ಕೂ ಟೈರಿಗೆ. ಅದಕ್ಕೇ ಅವರು 70 ದಾಟಲ್ಲ ಅಂತ ಈಗ ಅರ್ಥ ಆಗ್ತೈತೆ. ಕೊಪ್ಪಳದವ್ರೇ ಏನಾಯ್ತು ಅಂತ ತಪ್ಪದೇ ಹಾಕ್ರಿ.

ಕೆಎ37 ಹಾದಿ

ಆತ್ರಿ, ಮುಗೀತು. ಏನೇನಾತು ಎಲ್ಲಾ ಬರೀತೀನಿ, ಮುಂದ ಯಾರಿಗರ ಬೇಕಾಗ್ತೈತಿ.

ಶನಿವಾರ ಮುಂಜಾನಿ ನಮ್ಮ ಮನಿ ಮುಂದನ ಜಾಕ್ ಹಾಕಿ ಮುಂದಿನವು ಹಿಂದಕ್ಕ, ಹಿಂದಿನವು ಮುಂದಕ್ಕ ಮಾಡ್ದೆ, ನಮ್ಮ ತಮ್ಮ ಕೈ ಹಚ್ಚಿದ. ರಾಯಚೂರಿನವ್ರು ಹೇಳಿದಂಗ ಎಲ್ಲಾ ವೀಲ್ ಹಿಡದು ಅಲ್ಲಾಡಿಸಿದೆ, ಎಲ್ಲೂ ಆಟ ಇಲ್ಲ. ಡಾಟ್ ನಂಬರ್ ನೋಡಿದ್ರ ಮುಂದಿನವೆರಡು 2021ರವು, ಹಲ್ಲು ಚಲೋ ಅದಾವು. ಓಡ್ಸಿದೆ. ಸ್ಟೇರಿಂಗ್ 95ಕ್ಕ ಕಲ್ಲಿನಂಗ ಸುಮ್ನ, ಆದ್ರ ನಡುಕ ಸೀಟಿನ ಕೆಳಗ ಬಂತು, ಹಿಂದ ಕುಂತಿದ್ದ ತಮ್ಮ "ಅಣ್ಣಾ ಇಲ್ಲಿ ಬಂತು ನೋಡು" ಅಂದ. ಅಲ್ಲಿಗೆ 22 ಸಾವಿರದ್ದು ಚಿಂತಿ ಹೋತು.

ಅಲ್ಲಿಂದ ಸೀದಾ ಟೈರ್ ಅಂಗಡಿಗೆ. ಎಡಗಡೆ ಟೈರ್ ಬಿಚ್ಚಿದ್ರ ಒಳಗ ಹಸರು ಬಣ್ಣದ ಗಟ್ಟಿ ಅಂಬಲಿ, ಒಂದು ಕಡೆ ಅಂಗೈ ಅಗಲ ಒಣಗಿ ಹಪ್ಪಳದಂಗ ಅಂಟಿತ್ತು, ಉಳಿದದ್ದು ತಳದಾಗ. ಬರೇ ಕೈಯಿಂದ ತಗದದ್ದ ಒಂದು ದೊಡ್ಡ ಚಾದ ಲೋಟದ ಮ್ಯಾಲ ಆತು. ಪೂರಾ ತೊಳದು ಒರಸಿ, ಮೂರು ಪಂಕ್ಚರ್ ಜಾಗಕ್ಕ ಒಳಗಿಂದ ಪ್ಯಾಚ್ ಹಾಕಿಸಿದೆ. ಟೈರ್ ಒಳಗ ದಾರ ಹರದಿಲ್ಲ. ಮತ್ತ ಹಾಕಿ ತಿರುಗಿಸಿದ್ರ 70 ಇದ್ದದ್ದು 25ಕ್ಕ ಬಂತು, ಅರ್ಧ ಸುತ್ತು ತಿರುವಿ ಮತ್ತ ನೋಡಿದ್ರೂ ಅದ 25, ಅದ ಜಾಗ. ನನಗ ಆಗ ನಂಬಿಕಿ ಬಂತು.

ಆದ್ರ ಅಷ್ಟಕ್ಕ ಮುಗೀಲಿಲ್ಲ. ಸೀಸ ಹಾಕಿಸಿ ಆ ವೀಲ್ ಮುಂದಕ್ಕ ಹಾಕಿ ಓಡ್ಸಿದ್ರ ಮುಕ್ಕಾಲು ಭಾಗ ಹೋಗಿತ್ತು, 95ಕ್ಕ ಇನ್ನೂ ಸಣ್ಣಗ ಇತ್ತು. ವಾಪಸ್ ಹೋಗಿ ಸ್ಕ್ರೂಡ್ರೈವರ್ ಹಿಡದು ನೋಡ್ರಿ ಅಂದೆ. ಒಳಗಿನ ತುಟಿ ಗಿಣಿಗೇರಿ ತಗ್ಗಿಗೆ ಬಗ್ಗಿತ್ತು, ಕಣ್ಣಿಗೆ ಕಾಣುವಂಗ ಎರಡೂವರಿ ಮಿಮೀ ಆಡ್ತಿತ್ತು. ಆ ಟೈರನ್ನ ಸ್ಟೆಪ್ನಿ ರಿಮ್ಮಿಗೆ ಹಾಕಿಸಿ, ಸ್ಟೆಪ್ನಿ ಟೈರನ್ನ ಬಗ್ಗಿದ ರಿಮ್ಮಿಗೆ ಹಾಕಿ ಡಿಕ್ಕಿನ್ಯಾಗ ಇಟ್ಟೇನಿ, ಹೊಸ ಸ್ಟೀಲ್ ರಿಮ್ ಒಂದು ಹೇಳೇನಿ, ಮುಂದಿನ ವಾರ ಬರ್ತೈತಿ. ಎಲ್ಲಾ ಸೇರಿ ಇಲ್ಲಿತನಕ ಸಾವಿರದ ಒಳಗ ಖರ್ಚಾಗೇತಿ.

ನಿನ್ನೆ ಅಪ್ಪನ್ನ ಹುಬ್ಬಳ್ಳಿಗೆ ಕರಕೊಂಡು ಹೋಗಿ ಬಂದೆ. ಗದಗ ದಾಟಿ ಅಣ್ಣಿಗೇರಿ ಹತ್ರ 95ರಾಗ ಅಪ್ಪ ನಿದ್ದಿ ಮಾಡಾಕತ್ತಿದ್ರು.

ಗಂಗಾವತಿ ಅಣ್ಣಾವ್ರ, ತೋರಣಗಲ್ಲಿನವ್ರ, ರಾಯಚೂರಿನವ್ರ, ಬಳ್ಳಾರಿಯವ್ರ, ಎಲ್ಲಾರಿಗೂ ಕೈ ಮುಗೀತೀನ್ರಿ.

ಗಂಗಾವತಿ ಟೈರ್ ಅಂಗಡಿ

ಓದಿ ಭಾಳ ಖುಷಿ ಆತ್ರಿ. ಎರಡು ಕೆಲಸ ಬಾಕಿ ಅದಾವು. ವೀಲ್ ಬಿಚ್ಚಿ ಹಾಕಿರಿ, ಹುಬ್ಬಳ್ಳಿಗೆ ಹೋಗಿ ಬಂದೂ ಆಗೈತಿ, ಹಂಗಾಗಿ ಇವತ್ತ ನಾಕೂ ವೀಲಿನ ನಟ್ ಇನ್ನೊಂದ್ಸಲ ಬಿಗಿ ಮಾಡ್ಸ್ರಿ, ಟಾರ್ಕ್ ಸ್ಪ್ಯಾನರ್ ಇದ್ದವರ ಹತ್ರ, ಗಾಡಿ ಪುಸ್ತಕದಾಗ ಎಷ್ಟು ಬರದೈತಿ ಅಷ್ಟಕ್ಕ, ಒಂದರ ಎದುರಿಗೆ ಒಂದು ಅನ್ನೋ ಕ್ರಮದಾಗ. ಮತ್ತ ಆ ಬಗ್ಗಿದ ರಿಮ್ ಸ್ಟೆಪ್ನಿ ಅಂತ ಬಹಳ ದಿನ ಇಟಗೊಳ್ಳಬ್ಯಾಡ್ರಿ, ತುಟಿ ಬಗ್ಗಿದ ಜಾಗದಾಗ ಸಣ್ಣಗ ಗಾಳಿ ಸೋರತೈತಿ, ರಾತ್ರಿ ಹೊತ್ತು ಬೇಕಾದಾಗ ತಗದು ನೋಡಿದ್ರ ಚಪ್ಪಟಿ ಆಗಿರ್ತೈತಿ. ಹೊಸ ರಿಮ್ ಬರೋತನಕ ವಾರಕ್ಕೊಮ್ಮೆ ಸ್ಟೆಪ್ನಿ ಗಾಳಿನೂ ನೋಡಿಸ್ಕೊಳ್ರಿ.

ಕೆಎ37 ಹಾದಿ

ಈಗ ಹೋಗಿ ನೋಡಿದೆ ರೀ, ಸ್ಟೆಪ್ನಿನ್ಯಾಗ 33 ಹಾಕ್ಸಿದ್ದು 26ಕ್ಕ ಬಂದೈತಿ. ತುಂಬಿಸಿಕೊಂಡು ಬರ್ತೀನಿ, ನಟ್ಟೂ ಅಲ್ಲೇ ಬಿಗಿ ಮಾಡ್ಸ್ತೀನಿ.